ಮನೆಯ ಇಳಿಜಾರು, ಬೀದಿಯ ಕಾಲುದಾರಿ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳು ನಡೆಯುವವರಿಗೆ ಒದಗುವಂತೆ ಹುಟ್ಟಿದವು ಎಂದರೆ ಈಗಿನವರು ನಂಬುವುದು ಕಷ್ಟ. 1945ರಲ್ಲಿ ಏರ್ಪಟ್ಟ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ರಾಜಾಜಿನಗರವನ್ನು ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆಗಳಾಗಿ ವಿಂಗಡಿಸಿ ಹಂಚಿದ ಕಾಲದಲ್ಲಿ ತರಕಾರಿಗೂ ಶಾಲೆಗೂ ದೇವಸ್ಥಾನಕ್ಕೂ ಜನ ಕಾಲ್ನಡಿಗೆಯಲ್ಲಿಯೇ ಹೋಗಿಬರುತ್ತಿದ್ದರು. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳು ಅನಂತರ ಇದೇ ಜಾಡಿನಲ್ಲಿ ಬೆಳೆದವು. ಅಂದು ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡ ಗೃಹಸ್ಥರು ಅನೇಕರು ಈಗ ಎಂಬತ್ತು ದಾಟಿದ್ದಾರೆ. ಕಟ್ಟುವಾಗ ಶೋಭೆಗೆಂದು ಏರಿಸಿದ ನಾಲ್ಕು ಮೆಟ್ಟಿಲು ಈಗ ಅವರಿಗೆ ಬೆಟ್ಟವಾಗಿದೆ. ಮೆಟ್ಟಿಲನ್ನು ಹೇಗೋ ಇಳಿದರೆ ಎದುರಿಗೆ ಕಾಲುದಾರಿ. ಅದು ಇನ್ನೂ ದೊಡ್ಡ ಬೆಟ್ಟ. ಬಿದ್ದು ಸೊಂಟ ಮುರಿದುಕೊಳ್ಳುವ ಭಯದಿಂದ ವರಾಂಡದಾಚೆ ಕಾಲಿಡದೆ ದಿನ ಕಳೆಯುವವರು ಪ್ರತಿ ಬೀದಿಯಲ್ಲಿಯೂ ಇದ್ದಾರೆ.

ಮನೆಯ ತೊಂದರೆ ಒಂದು, ಬೀದಿಯ ತೊಂದರೆ ಇನ್ನೊಂದು ಎಂದು ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ಕಚೇರಿಗಳೂ ಹಾಗೆಯೇ ಎಣಿಸುತ್ತವೆ. ಆದರೆ ಒಬ್ಬರ ಮನೆಯ ಇಳಿಜಾರು ಕಾಲುದಾರಿಯ ಮೇಲೆ ಚಾಚಿಕೊಂಡರೆ ಅದು ಪಕ್ಕದ ಮನೆಯ ಅಜ್ಜಿಯ ದಾರಿಗೆ ಅಡ್ಡ. ಈ ಬೀದಿಗಳಲ್ಲಿ ನಡೆಯಲಾಗದಿರುವುದಕ್ಕೆ ಅಧಿಕಾರಿಗಳ ಅಸಡ್ಡೆ ಎಷ್ಟು ಕಾರಣವೋ, ನಮ್ಮ ನಮ್ಮ ಗೇಟಿನ ಮುಂದಿನ ಗಾರೆ ಕೆಲಸವೂ ಅಷ್ಟೇ ಕಾರಣ. ಆದ್ದರಿಂದ ಅರ್ಜಿ ಬರೆಯುವುದಕ್ಕೆ ಮುಂಚೆ ಅಳತೆಯ ಟೇಪು ಹಿಡಿಯಬೇಕು.

ಗಾಲಿಕುರ್ಚಿಗೆ ಬೇಕಾದ ಇಳಿಜಾರಿನ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಮಂತ್ರಾಲಯ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದೇ ಪ್ರಮಾಣವನ್ನು ಹೇಳುತ್ತದೆ. ಇದಕ್ಕಿಂತ ಕಡಿದಾದರೆ ತಳ್ಳುವವರಿಗೆ ಕೈಸೋಲು, ಇಳಿಸುವಾಗ ಕುಳಿತವರಿಗೆ ಎದೆನಡುಕ. ಈಗ ನಿಮ್ಮ ಮನೆಯ ತಳಪಾಯ ರಸ್ತೆಗಿಂತ ಎರಡು ಅಡಿ ಎತ್ತರವಿದೆ ಎನ್ನಿ. ಇಳಿಜಾರು 24 ಅಡಿ ಆಗಬೇಕು. ನಿವೇಶನದ ಒಟ್ಟು ಉದ್ದವೇ 40 ಅಡಿ. ಮನೆಯ ಮುಂದೆ ಬಿಟ್ಟಿರುವ ಜಾಗ ಮೂರೋ ನಾಲ್ಕೋ ಅಡಿ. ಗಾರೆಯವನು "ಆಗಲಿ ಸ್ವಾಮಿ" ಎಂದು ಆರೇ ಅಡಿಯಲ್ಲಿ ಮುಗಿಸಿಕೊಡುತ್ತಾನೆ. ಅದರಲ್ಲಿ ಮೂರಡಿ ಕಾಂಪೌಂಡಿನ ಆಚೆ. ಸ್ಕೂಟರು ಹತ್ತಿಸಲು ಅದು ಸಾಕು, ಗಾಲಿಕುರ್ಚಿಗೆ ಸಾಲದು. ಮನೆಯವರಿಗೂ ಪ್ರಯೋಜನವಿಲ್ಲ, ಬೀದಿಯವರಿಗೂ ಅಡ್ಡಿ.

ಹಾಗಾದರೆ ಏನು ಮಾಡಬೇಕು? ಮನೆಯ ಪಕ್ಕದಲ್ಲಿ ಅಗಲವಾದ ಓಣಿ ಇದ್ದರೆ ಇಳಿಜಾರನ್ನು ಅದರ ಉದ್ದಕ್ಕೂ ಹಾಯಿಸಿ ಅಡಿಗೆಮನೆಯ ಬಾಗಿಲಿಗೋ ಪಕ್ಕದ ಬಾಗಿಲಿಗೋ ಸೇರಿಸಬಹುದು. ಇಲ್ಲವೆ ಮೆಟ್ಟಿಲಿನ ಪಕ್ಕದಲ್ಲಿ ವಿದ್ಯುತ್ತಿನಿಂದ ಏರಿಳಿಯುವ ಸಣ್ಣ ಹಲಗೆಯ ಲಿಫ್ಟು ಕೂರಿಸಬಹುದು. ಖರ್ಚು ಹೆಚ್ಚು, ಜಾಗ ಕಡಿಮೆ. ಊರುಗೋಲು ಹಿಡಿದು ನಡೆಯಬಲ್ಲ ವೃದ್ಧರಿಗೆ ಕಡಿದಾದ ಇಳಿಜಾರಿಗಿಂತ ಆರು ಅಂಗುಲದ ತಗ್ಗು ಮೆಟ್ಟಿಲು, ಎರಡೂ ಕಡೆ ಗಟ್ಟಿಯಾದ ಹಿಡಿಕಂಬಿ, ಇವೇ ಮೇಲು ಎಂಬುದು ನನ್ನ ಅಭಿಪ್ರಾಯ. ಬಚ್ಚಲುಮನೆಯ ಬಾಗಿಲನ್ನೂ ಅಳೆದು ನೋಡಿ. ಗಾಲಿಕುರ್ಚಿಗೆ ಮೂರು ಅಡಿ ಬೇಕು. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡೂಕಾಲು, ಎರಡೂವರೆ. ಗೋಡೆ ಒಡೆಯುವಂಥ ಬದಲಾವಣೆಯಾದರೆ ಪಾಲಿಕೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಜಾಣತನ. ವಠಾರದಂಥ ಫ್ಲಾಟುಗಳಲ್ಲಿ ಹೊರಮೆಟ್ಟಿಲು ಎಲ್ಲರ ಸ್ವತ್ತು; ಅಲ್ಲಿ ಸಂಘದ ಸಭೆಯಲ್ಲಿ ನಿರ್ಣಯವಾಗದೆ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸುವಂತಿಲ್ಲ.

ಇನ್ನು ಬೀದಿ. ಭಾರತೀಯ ರಸ್ತೆ ಕಾಂಗ್ರೆಸ್ಸು 2012ರ ತನ್ನ ಸೂಚನೆಗಳಲ್ಲಿ ಕಾಲುದಾರಿಯ ಅಡ್ಡಿಯಿಲ್ಲದ ಅಗಲ 1.8 ಮೀಟರು, ಅಂದರೆ ಸುಮಾರು ಆರು ಅಡಿ ಇರಬೇಕೆಂದಿತು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರು, ಅಂದರೆ ಆರು ಅಂಗುಲವನ್ನು ಮೀರಬಾರದೆಂದಿತು. ನಮ್ಮ ಅಡ್ಡರಸ್ತೆಗಳಲ್ಲಿ ಕಾಲುದಾರಿ ಎಂಬುದು ನಿಜವಾಗಿ ಚರಂಡಿಯ ಮುಚ್ಚಳ. ಚರಂಡಿಯ ಗೋಡೆ ಎಷ್ಟು ಎತ್ತರವೋ ಚಪ್ಪಡಿ ಅಷ್ಟು ಎತ್ತರ. ಅದರ ಮೇಲೆ ಪ್ರತಿ ಗೇಟಿನ ಮುಂದೆಯೂ ಕಾರು ಹತ್ತಲೊಂದು ದಿಬ್ಬ. ನಡೆಯುವವನು ಗರಗಸದ ಹಲ್ಲಿನ ಮೇಲೆ ಹತ್ತಿ ಇಳಿದಂತೆ ಸಾಗಬೇಕು. ಎರಡು ಮನೆ ದಾಟುವಷ್ಟರಲ್ಲಿ ಬೇಸತ್ತು ರಸ್ತೆಗೇ ಇಳಿಯುತ್ತಾನೆ. ಇದಕ್ಕೆ ಸೇರಿದಂತೆ, ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಹಾಸಿದರೆ ರಸ್ತೆ ಪ್ರತಿ ಸಲವೂ ಅಂಗುಲ ಅಂಗುಲವಾಗಿ ಏರುತ್ತದೆ. ಮಳೆನೀರು ಒಳಕ್ಕೆ ನುಗ್ಗುತ್ತದೆ ಎಂದು ಹೊಸ ಮನೆಯವರು ತಳಪಾಯವನ್ನು ಇನ್ನೂ ಏರಿಸುತ್ತಾರೆ. ಈ ಪೈಪೋಟಿಯಲ್ಲಿ ಸೋಲುವವರು ಮೊಣಕಾಲು ನೋವಿನವರು.

ವಿಚಿತ್ರವೆಂದರೆ ದೂರದ ಪ್ರಯಾಣ ಸುಲಭವಾಗಿದೆ. ರಾಜಾಜಿನಗರಕ್ಕೆ ಮೆಟ್ರೋ 2014ರಲ್ಲಿ ಬಂತು, ವಿಜಯನಗರಕ್ಕೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ. ನಿಲ್ದಾಣಗಳಲ್ಲಿ ಲಿಫ್ಟು ಇದೆ, ದೃಷ್ಟಿಹೀನರ ಕೋಲಿಗೆ ಸಿಗುವ ಗೆರೆಗಲ್ಲುಗಳಿವೆ. ಕೆಂಗೇರಿಯಿಂದ ವಿಜಯನಗರಕ್ಕೆ ಗಾಲಿಕುರ್ಚಿಯಲ್ಲಿ ಬರಬಹುದು. ವಿಜಯನಗರದ ನಿಲ್ದಾಣದಿಂದ ಮನೆಗೆ ಹೋಗುವುದೇ ಪ್ರಶ್ನೆ.

ಕಾನೂನು ಏನು ಹೇಳುತ್ತದೆ? ಅಂಗವಿಕಲರ ಹಕ್ಕುಗಳ 2016ರ ಕಾನೂನು ಜಾರಿಗೆ ಬಂದದ್ದು 2017ರ ಏಪ್ರಿಲಿನಲ್ಲಿ. ಅಂಗವಿಕಲರು ಓಡಾಡಲು ತಕ್ಕ ರಸ್ತೆಗಳನ್ನು ಒದಗಿಸುವ ಹೊಣೆಯನ್ನು ಅದರ 41ನೆಯ ಪ್ರಕರಣ ಸರ್ಕಾರದ ಮೇಲೆ ಹೊರಿಸಿದೆ. ಆಗಲೇ ಕಟ್ಟಿದ್ದ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷದ ಗಡುವಿತ್ತು. ಅದು 2022ರ ಜೂನಿಗೇ ಮುಗಿಯಿತು. ಸ್ವಂತ ವಾಸದ ಮನೆಗೆ ಈ ಗಡುವು ಅನ್ವಯಿಸುವುದಿಲ್ಲ. ಅಲ್ಲಿ ಯಜಮಾನನ ಇಚ್ಛೆ. ನಿಯಮಗಳು ಕೇವಲ "ಹೀಗೆ ಮಾಡಿದರೆ ಒಳ್ಳೆಯದು" ಎಂಬ ಧಾಟಿಯಲ್ಲಿವೆ, "ಮಾಡಲೇಬೇಕು" ಎಂಬ ಕಟ್ಟು ಅವಕ್ಕಿಲ್ಲ ಎಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಅವುಗಳಲ್ಲಿ 15ನೆಯದನ್ನು ಕಾನೂನಿಗೆ ವಿರುದ್ಧವೆಂದು ಸಾರಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ರಚಿಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. 2025ರ ಮೇ ತಿಂಗಳಿನಲ್ಲಿ ಅದೇ ನ್ಯಾಯಾಲಯ, ನಡೆಯಲು ಯೋಗ್ಯವಾದ ಕಾಲುದಾರಿ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದಿತು. ಅರ್ಜಿಯಲ್ಲಿ ಇವನ್ನು ಒಂದು ಸಾಲಿನಲ್ಲಿ ನೆನಪಿಸಿದರೆ ಸಾಕು. ಕಾನೂನಿನ ಉಪನ್ಯಾಸವನ್ನು ಗುಮಾಸ್ತರು ಓದುವುದಿಲ್ಲ.

ಕಷ್ಟವಿರುವುದು ಯಾರ ಬಾಗಿಲು ತಟ್ಟಬೇಕೆಂಬಲ್ಲಿ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರಗಳು ಪಶ್ಚಿಮ ಪಾಲಿಕೆಗೆ ಸೇರಿದವು. ಚಪ್ಪಡಿ, ಚರಂಡಿ, ಒತ್ತುವರಿ ಪಾಲಿಕೆಯ ಕೆಲಸ. ಕಾಲುದಾರಿಯ ನಡುವಿನ ಟ್ರಾನ್ಸ್‌ಫಾರ್ಮರು ಬೆಸ್ಕಾಮಿನದು. ಕೊಳಾಯಿಗಾಗಿ ಅಗೆದು ಬಿಟ್ಟ ಗುಂಡಿ ಜಲಮಂಡಲಿಯದು. ಮೇಲೆ ನಿಲ್ಲಿಸಿದ ಕಾರು ಸಂಚಾರ ಪೊಲೀಸರದು. ಒಂದೇ ಅರ್ಜಿಯಲ್ಲಿ ನಾಲ್ಕನ್ನೂ ತುಂಬಿದರೆ ನಾಲ್ವರೂ "ಇದು ನಮ್ಮದಲ್ಲ" ಎಂದು ಒಬ್ಬರ ಕಡೆಗೊಬ್ಬರು ತೋರಿಸುತ್ತಾರೆ. ಒಂದು ವಿಷಯಕ್ಕೆ ಒಂದೇ ಹಾಳೆ ಇರಲಿ.

ಆ ಹಾಳೆಯಲ್ಲಿ "ಕಾಲುದಾರಿ ಬಹಳ ಕೆಟ್ಟಿದೆ, ಕೂಡಲೇ ಕ್ರಮ ಕೈಗೊಳ್ಳಬೇಕು" ಎಂದು ಬರೆದರೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು ಹೀಗೆ ಬರೆಯಿರಿ: ಇಂಥ ಬ್ಲಾಕು, ಇಂಥ ಅಡ್ಡರಸ್ತೆ, ಎಡಬದಿ, ಮೊದಲ ತಿರುವಿನಿಂದ ಹಾಲಿನ ಬೂತಿನವರೆಗೆ 180 ಅಡಿ, ಚಪ್ಪಡಿ ಇಲ್ಲದ ಜಾಗ ಮೂರು, ಅಂಚಿನ ಎತ್ತರ 11 ಅಂಗುಲ, ಅತಿ ಕಿರಿದಾದ ಕಡೆ ಉಳಿದ ಅಗಲ 2 ಅಡಿ, ದಿನವೂ ನಡೆಯಬೇಕಾದ ವೃದ್ಧರು ಇಷ್ಟು ಮಂದಿ, ಅಂಗವಿಕಲರು ಇಷ್ಟು ಮಂದಿ. ಜೊತೆಗೆ ಟೇಪು ಕಾಣುವಂತೆ ತೆಗೆದ ಚಿತ್ರ. ಅಳತೆ ಕೊಟ್ಟರೆ ಇಂಜಿನಿಯರು ಅಂದಾಜು ಪಟ್ಟಿಯನ್ನು ಬರೆಯಲು ತೊಡಗಬಹುದು. ಇನ್ನೊಂದು ಮಾತು. ಒಬ್ಬ ನೆರೆಯವರ ದಿಬ್ಬದ ಮೇಲೆ ಮಾತ್ರ ದೂರು ಕೊಟ್ಟರೆ ದಿಬ್ಬ ಉಳಿಯುತ್ತದೆ, ಸ್ನೇಹ ಹೋಗುತ್ತದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅಳೆದು, ನಿಮ್ಮ ಗೇಟಿನದನ್ನೂ ಪಟ್ಟಿಗೆ ಸೇರಿಸಿ, ಹತ್ತು ಮನೆಯವರ ರುಜು ಹಾಕಿಸಿ ಕೊಡುವುದು ಮೇಲು.

ಅರ್ಜಿಯನ್ನು ವಾರ್ಡಿನ ಇಂಜಿನಿಯರಿಗೆ ಕೈಯಾರೆ ಕೊಟ್ಟು ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. 1533ಕ್ಕೆ ದೂರವಾಣಿಯಲ್ಲಿ ದೂರು ಕೊಟ್ಟರೆ ಅದರ ಸಂಖ್ಯೆಯನ್ನು ಗುರುತುಮಾಡಿಕೊಳ್ಳಿ. ತಿಂಗಳಾದರೂ ಸದ್ದಿಲ್ಲದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನು ನೆರವಿಗೆ ಬರುತ್ತದೆ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. "ಏಕೆ ಮಾಡಲಿಲ್ಲ?" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಬಿಡಬಹುದು. ಆ ರಸ್ತೆಗೆ ಕಳೆದ ಸಲ ಮಂಜೂರಾದ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಕಂಟ್ರಾಕ್ಟರು ದೋಷ ತಿದ್ದಿಕೊಡಬೇಕಾದ ಅವಧಿ, ಇವುಗಳ ನಕಲು ಕೇಳಿ. ಕಾಮಗಾರಿಯನ್ನೇ ಹೋಗಿ ಪರೀಕ್ಷಿಸುವ ಹಕ್ಕನ್ನೂ, ವಸ್ತುವಿನ ಮಾದರಿ ಪಡೆಯುವ ಹಕ್ಕನ್ನೂ ಆ ಕಾನೂನು ಕೊಟ್ಟಿದೆ. ಇದನ್ನು ಬಳಸುವವರು ಕಡಿಮೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಅಂಗವಿಕಲರ ಪಾಲಿಗೆ ಇನ್ನೊಂದು ಬಾಗಿಲಿದೆ: ರಾಜ್ಯದ ಅಂಗವಿಕಲರ ಆಯುಕ್ತರು. 2016ರ ಕಾನೂನಿನಂತೆ ಅವರು ಅಧಿಕಾರಿಗಳನ್ನು ಕರೆಸಿ ವಿಚಾರಿಸಬಲ್ಲರು. ಅವರು ಕೊಡುವುದು ಶಿಫಾರಸು ಮಾತ್ರ. ಆದರೆ ಅದರ ಮೇಲೆ ಏನು ಮಾಡಿದೆವೆಂದು ಇಲಾಖೆ ಮೂರು ತಿಂಗಳಲ್ಲಿ ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ನೊಂದವರಿಗೂ ಹೇಳಬೇಕು. ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಅಳತೆಯ ಹಾಳೆ, ಮೊಹರು ಬಿದ್ದ ನಕಲು, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ಈ ಮೂರನ್ನೂ ಅದಕ್ಕೆ ಲಗತ್ತಿಸಿ.