ಟ್ವಿಟರ್‌ನ ಲೆಕ್ಕ, ಕನ್ನಡದ ಅಕ್ಷರ

ಪ್ರಶ್ನೆ: ಟ್ವಿಟರ್‌ನಲ್ಲಿ ಬರೆಯುವಾಗ ಉಳಿದ ಅಕ್ಷರಗಳ ಸಂಖ್ಯೆ ಕಾಣುತ್ತಿತ್ತು. ಅದನ್ನು ತೆಗೆದು ವೃತ್ತ ಇಟ್ಟದ್ದೇಕೆ? ಕನ್ನಡದಲ್ಲಿ ಬರೆದರೆ ಅದು ಬೇಗ ತುಂಬುತ್ತದಲ್ಲ?

ಉತ್ತರ: ಮೊದಲಿನ 140ರ ಮಿತಿ ಬಂದದ್ದು ಎಸ್ಸೆಮ್ಮೆಸ್‌ನಿಂದ. ಒಂದು ಸಂದೇಶಕ್ಕೆ 160 ಅಕ್ಷರ. ಅದರಲ್ಲಿ 20 ಬಳಕೆದಾರರ ಹೆಸರಿಗೆ ಮೀಸಲು. ಇಂಗ್ಲಿಷ್ ಟ್ವೀಟ್‌ಗಳಲ್ಲಿ ಶೇ 9ರಷ್ಟು ಆ ಮಿತಿಗೆ ತಾಗುತ್ತಿದ್ದವು. ಹಾಗಾಗಿ 2017ರ ನವೆಂಬರ್‌ನಲ್ಲಿ ಅದು 280 ಆಯಿತು. ಇಳಿಯುವ ಸಂಖ್ಯೆಯ ಜಾಗಕ್ಕೆ ತುಂಬುತ್ತಾ ಹೋಗುವ ವೃತ್ತ ಬಂದದ್ದೂ ಆಗಲೇ. ಸಂಖ್ಯೆ ಕಾಣುವುದು ಕೊನೆಯ 20 ಉಳಿದಾಗ ಮಾತ್ರ. ಇದು ಒಳ್ಳೆಯ ವಿನ್ಯಾಸ ಎಂದೇ ನನ್ನ ಅಭಿಪ್ರಾಯ: ಬರೆಯುವವರ ಗಮನ ಲೆಕ್ಕದ ಮೇಲಲ್ಲ, ಮಾತಿನ ಮೇಲಿರಬೇಕು.

ನಿಮ್ಮ ಎರಡನೆಯ ಅನುಮಾನವೂ ಸರಿ. ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ ಯುನಿಕೋಡ್‌ನಲ್ಲಿ ಆರು ಸಂಕೇತಗಳು: ಸ, ವಿರಾಮ, ತ, ಮತ್ತೆ ವಿರಾಮ, ರ, ಈ-ಸ್ವರಚಿಹ್ನೆ. ಟ್ವಿಟರ್ ಎಣಿಸುತ್ತಿದ್ದುದು ಈ ಸಂಕೇತಗಳನ್ನು. ‘ಕ್ಷಮೆ’ ನಮಗೆ ಎರಡಕ್ಷರ, ಅದಕ್ಕೆ ಐದು. ಚೀನೀ, ಜಪಾನಿ, ಕೊರಿಯನ್ ಲಿಪಿಗಳಲ್ಲಿ ಕಡಿಮೆ ಜಾಗದಲ್ಲೇ ಹೆಚ್ಚು ಹೇಳಬಹುದೆಂದು ಅವುಗಳ ಪ್ರತಿ ಅಕ್ಷರವನ್ನು ಎರಡೆಂದು ಲೆಕ್ಕ ಹಾಕಿದರು. ಲಿಪಿಗೆ ತಕ್ಕಂತೆ ಅಳತೆ ಬದಲಿಸುವುದು ಸಾಧ್ಯವೆಂದು ಇದರಿಂದಲೇ ಗೊತ್ತಾಗುತ್ತದೆ. ಆದರೆ ಒತ್ತಕ್ಷರಗಳಿರುವ ಭಾರತೀಯ ಲಿಪಿಗಳಿಗೆ ತಕ್ಕಂತೆ ಅಳತೆ ಬದಲಾಗಲಿಲ್ಲ. ಮುಂದೆ ಯಾವುದೇ ಆ್ಯಪ್ ತನ್ನ ಬರೆಯುವ ಪೆಟ್ಟಿಗೆಯನ್ನು ಹೊಸದಾಗಿ ರೂಪಿಸುವಾಗ ‘ಸ್ತ್ರೀ’ಯನ್ನು ಒಂದೆಂದೇ ಎಣಿಸಬೇಕು.