ಸವಳು ಭೂಮಿಯ ಉಪ್ಪನ್ನು ವಿದ್ಯುತ್ತು ತೋರಿಸುವ ಬಗೆ



ಮಾನ್ವಿ, ರಾಯಚೂರು ತಾಲ್ಲೂಕುಗಳ ಎರೆ ಭೂಮಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರು ತಂದಿವೆ. ಆದರೆ ನೀರು ಬಸಿದು ಹೋಗದ ಕಡೆ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಾಣುತ್ತದೆ. ಹೊಲ ಸವಳಾಗುವುದು ಹೀಗೆ. ಉಪ್ಪು ಕಣ್ಣಿಗೆ ಬೀಳುವ ಮೊದಲೇ ಅದನ್ನು ಅಳೆಯುವ ಉಪಾಯವಿದೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳೊಡನೆ ಈ ಪ್ರಯೋಗ ಮಾಡಿ ನೋಡಿರಿ. ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿ ಚೂಪು ಮಾಡಿ ಮಳೆ ನೀರಿನ ಲೋಟದಲ್ಲಿ ನಿಲ್ಲಿಸಿ, ಸಾಲಾಗಿ ಜೋಡಿಸಿದ ನಾಲ್ಕು ಟಾರ್ಚ್ ಸೆಲ್‌ಗಳಿಗೆ ತಂತಿಯಿಂದ ಸೇರಿಸಿರಿ. ಗುಳ್ಳೆ ಏಳುವುದು ಕಾಣುವುದೇ ಇಲ್ಲ. ಈಗ ಒಂದು ಚಮಚ ಉಪ್ಪು ಕರಗಿಸಿರಿ. ಕೂಡಲೇ ಗುಳ್ಳೆಗಳು ಏಳುತ್ತವೆ.

ಕಾರಣವೇನು? ಉಪ್ಪು ನೀರಿನಲ್ಲಿ ಧನ ಮತ್ತು ಋಣ ಅಯಾನುಗಳಾಗಿ ಬಿಡಿಯಾಗುತ್ತದೆ. ಇವೇ ವಿದ್ಯುತ್ತನ್ನು ಹೊರುತ್ತವೆ. ಋಣಾಗ್ರದಲ್ಲಿ ಜಲಜನಕ, ಧನಾಗ್ರದಲ್ಲಿ ಹೆಚ್ಚಾಗಿ ಕ್ಲೋರಿನ್ ಹೊರಬರುತ್ತವೆ. ಋಣಾಗ್ರದ ಬಳಿ ಕ್ಷಾರ ಉಳಿಯುವುದರಿಂದ ಅಲ್ಲಿ ಹಿಡಿದ ಅರಿಶಿನದ ಕಾಗದ ಕೆಂಪಾಗುತ್ತದೆ. ಇದೇ ವಿದ್ಯುದ್ವಿಭಜನೆ. ಕ್ಲೋರಿನ್ ವಿಷಾನಿಲವಾದ್ದರಿಂದ ಬಯಲಿನಲ್ಲಿ, ಎರಡೇ ನಿಮಿಷ ಮಾಡಿರಿ. ಮನೆಯ ಕರೆಂಟನ್ನು ಎಂದಿಗೂ ಬಳಸಬೇಡಿರಿ.

ಉಪ್ಪು ಹೆಚ್ಚಿದಂತೆ ವಿದ್ಯುತ್ತು ಹೆಚ್ಚು ಹರಿಯುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 'ಇ.ಸಿ.' ಎಂದು ಬರೆಯುವುದು ಇದನ್ನೇ. ಉಪಕರಣದಲ್ಲಿ ದಿಕ್ಕು ಬದಲಾಯಿಸುತ್ತಲೇ ಇರುವ ವಿದ್ಯುತ್ತನ್ನು ಹರಿಸುವುದರಿಂದ ವಿಭಜನೆ ನಡೆದು ಅಳತೆ ಕೆಡುವುದಿಲ್ಲ.

ನೀರಿನಿಂದ ಪೂರ್ತಿ ತೊಯ್ಸಿದ ಮಣ್ಣಿನಿಂದ ತೆಗೆದ ರಸದಲ್ಲಿ ಇ.ಸಿ. 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ಮಣ್ಣು. ಭತ್ತದ ಇಳುವರಿ 3 ದಾಟಿದಾಗಲೇ ಕುಗ್ಗತೊಡಗುತ್ತದೆ; ಹತ್ತಿ ಸುಮಾರು 7.7ರವರೆಗೆ ತಾಳುತ್ತದೆ. ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಆದ್ದರಿಂದ ಯಾವ ವಿಧಾನದಲ್ಲಿ ಅಳೆದರೆಂದು ಕೇಳಿ ತಿಳಿಯಿರಿ.

ಇ.ಸಿ. ಒಂದನ್ನೇ ನಂಬಬಾರದು. ರಸಸಾರ 8.5ಕ್ಕಿಂತ ಹೆಚ್ಚಿದ್ದು, ಮಣ್ಣಿಗೆ ಅಂಟಿದ ಸೋಡಿಯಂ ಶೇ. 15 ಮೀರಿದ್ದರೆ ಅದು ಕ್ಷಾರ ಭೂಮಿ. ಬರಿಯ ಸವಳಿಗೆ ಬಸಿಗಾಲುವೆ ತೆಗೆದು ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದರೆ ಸಾಕು. ಕ್ಷಾರ ಭೂಮಿಗೆ ಮೊದಲು ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸುತ್ತದೆ, ನೀರು ಅದನ್ನು ಹೊರಗೆ ಒಯ್ಯುತ್ತದೆ. ಬಸಿಗಾಲುವೆ ಇಲ್ಲದೆ ಹಾಕಿದ ಜಿಪ್ಸಂ ದುಡ್ಡು ದಂಡ.

ಆದ್ದರಿಂದ ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುನ್ನ, ಬೆಳೆ ಬಾರದ ಜಾಗದ ಮಣ್ಣನ್ನೂ ಚೆನ್ನಾಗಿ ಬಂದ ಜಾಗದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಡಿರಿ. ಚೀಟಿ ಕೈಗೆ ಬಂದ ಮೇಲೆಯೇ ಜಿಪ್ಸಂ ಕೊಳ್ಳುವ ಮಾತು.