ನಕ್ಷೆ ಚೆಂದ ಇದ್ದರೆ ಸಾಕೇ? ಪ್ರೊಸೆಸ್ ಮೈನಿಂಗ್ ಸಾಫ್ಟ್‌ವೇರ್ ಗುಣಮಟ್ಟ ಅಳೆಯುವುದು ಹೀಗೆ

ಕಂಪನಿಯಲ್ಲಿ ಒಂದು ಬಿಲ್ ಪಾಸಾಗಲು ಎಷ್ಟು ಟೇಬಲ್ ದಾಟಬೇಕು? ನಿಯಮ ಹೇಳುವುದು ಒಂದು, ನಡೆಯುವುದು ಇನ್ನೊಂದು. ನಿಜವಾಗಿ ನಡೆದದ್ದನ್ನು ಕಂಪ್ಯೂಟರ್ ದಾಖಲೆಗಳಿಂದ ಹೆಕ್ಕಿ ನಕ್ಷೆಯಾಗಿ ತೋರಿಸುವುದೇ ಪ್ರೊಸೆಸ್ ಮೈನಿಂಗ್ ಸಾಫ್ಟ್‌ವೇರ್. ಬಿಲ್ ಸಂಖ್ಯೆ, ಆದ ಕೆಲಸ, ಸಮಯ ಈ ಮೂರು ಮಾಹಿತಿ ಇದ್ದರೆ ನಕ್ಷೆ ಸಿದ್ಧವಾಗುತ್ತದೆ.

ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿವಿಯಲ್ಲಿ ವಿಲ್ ವಾನ್ ಡರ್ ಆಲ್ಸ್ಟ್ ಈ ಕ್ಷೇತ್ರಕ್ಕೆ ಬುನಾದಿ ಹಾಕಿದರು. ನಕ್ಷೆಯ ಗುಣಮಟ್ಟ ಅಳೆಯಲು ತಜ್ಞರು 4 ಪ್ರಶ್ನೆ ಕೇಳುತ್ತಾರೆ.

* ದಾಖಲೆಯಲ್ಲಿರುವುದು ನಕ್ಷೆಯಲ್ಲಿದೆಯೇ?
* ನಡೆಯದೇ ಇರುವುದಕ್ಕೂ ದಾರಿ ತೋರಿಸುತ್ತಿದೆಯೇ?
* ನಾಳೆ ಬರುವ ಹೊಸ ಬಿಲ್‌ಗೂ ಹೊಂದುತ್ತದೆಯೇ?
* ಸರಳವಾಗಿದೆಯೇ?

ಬಳಕೆದಾರರ ಕಣ್ಣಿಗೆ ಥಟ್ಟನೆ ಬೀಳುವುದು ಕೊನೆಯದ್ದು ಮಾತ್ರ. ಗೆರೆಗಳು ಸಿಕ್ಕುಸಿಕ್ಕಾದರೆ ಸಾಫ್ಟ್‌ವೇರೇ ಸರಿಯಿಲ್ಲ ಎನಿಸುತ್ತದೆ. ತಜ್ಞರು ಇಂಥ ನಕ್ಷೆಯನ್ನು 'ಸ್ಪಾಗೆಟ್ಟಿ' ಎನ್ನುತ್ತಾರೆ. ಆದರೆ ಕೆಲಸವೇ ಅಷ್ಟು ಗೋಜಲಾಗಿದ್ದರೆ ನಕ್ಷೆಯದ್ದೇನು ತಪ್ಪು?

ಅಪರೂಪದ ದಾರಿಗಳನ್ನು ಮರೆಮಾಡುವ ಸ್ಲೈಡರ್ ಹಲವು ಸಾಫ್ಟ್‌ವೇರ್‌ಗಳಲ್ಲಿದೆ. ಅದನ್ನು ಸರಿಸಿದರೆ ನಕ್ಷೆ ಚೊಕ್ಕವಾಗುತ್ತದೆ. ಆದರೆ ಅನುಮೋದನೆ ಇಲ್ಲದ ಪಾವತಿ, ಒಂದೇ ಬಿಲ್‌ಗೆ 2 ಬಾರಿ ಹಣ ಸಂದಾಯದಂಥ ಲೋಪಗಳು ಅಡಗಿರುವುದು ಹೆಚ್ಚಾಗಿ ಆ ಅಪರೂಪದ ದಾರಿಗಳಲ್ಲೇ.

ಇನ್ನೊಂದು ಅಪಾಯವೂ ಇದೆ. ಫೋನ್ ಕರೆ, ಕಾಗದದ ಚೀಟಿ ದಾಖಲೆಗೆ ಸೇರುವುದಿಲ್ಲ. ಮಾರಾಟಗಾರನ ಉತ್ತರಕ್ಕೆ ಕಾದ 3 ದಿನ, ನಕ್ಷೆಯಲ್ಲಿ ಗುಮಾಸ್ತನ ವಿಳಂಬವಾಗಿ ಕಾಣಬಹುದು. ಆ ನಕ್ಷೆ ನಂಬಿ ಯಾರದ್ದೋ ಕೆಲಸಕ್ಕೆ ಕತ್ತರಿ ಬಿದ್ದರೆ?

ಹೀಗಾಗಿ ತೀರ್ಮಾನಕ್ಕೆ ಮುನ್ನ ನಕ್ಷೆಯಲ್ಲಿ ಏನನ್ನು ಮರೆಮಾಡಲಾಗಿದೆ ಎಂದು ಕೇಳಬೇಕು. ಆ ಕೆಲಸ ಮಾಡುವವರಿಗೇ ಅದನ್ನು ಒಮ್ಮೆ ತೋರಿಸಬೇಕು.